ಪರದೆಯ ಮೇಲೊಂದು ಪ್ರಯೋಗಾಲಯ

ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣದಲ್ಲಿ ಪಾಠದಷ್ಟೇ ಪ್ರಯೋಗಕ್ಕೂ ಮಹತ್ವವಿದೆ. ಆದರೆ ಬೆಲೆಬಾಳುವ ಉಪಕರಣಗಳನ್ನು ಎಲ್ಲ ಕಾಲೇಜುಗಳೂ ಕೊಳ್ಳಲಾರವು. ಉಪಕರಣವಿರುವೆಡೆಯಲ್ಲೂ ಒಬ್ಬರು ಪ್ರಯೋಗ ಮಾಡಿ, ಉಳಿದವರು ನೋಡಿ ಬರೆದುಕೊಳ್ಳುವುದುಂಟು. ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ರೂಪುಗೊಂಡುದೇ ವರ್ಚುವಲ್ ಲ್ಯಾಬ್ಸ್ ಯೋಜನೆ.

ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ಶಿಕ್ಷಣಕ್ಕೆ ಬಳಸಿಕೊಳ್ಳಲು ಕೇಂದ್ರ ಸರ್ಕಾರವು 2009ರಲ್ಲಿ ಆರಂಭಿಸಿದ ರಾಷ್ಟ್ರೀಯ ಅಭಿಯಾನದ ಅಡಿಯಲ್ಲಿ ಇದನ್ನು ಕೈಗೊಳ್ಳಲಾಯಿತು. ದೆಹಲಿಯ ಹೌಜ್ ಖಾಸ್‌ನಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಯೋಜನೆಯ ಸಮನ್ವಯದ ಹೊಣೆ ಹೊತ್ತಿದೆ. ಇದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಒಂದು. ಯೋಜನೆಯಡಿ 100ಕ್ಕೂ ಹೆಚ್ಚು ಪ್ರಯೋಗಾಲಯಗಳನ್ನೂ ಅವುಗಳಲ್ಲಿ 700ಕ್ಕೂ ಹೆಚ್ಚು ಪ್ರಯೋಗಗಳನ್ನೂ ಸಿದ್ಧಪಡಿಸಲಾಗಿದೆ. ಅಂತರ್ಜಾಲ ಸಂಪರ್ಕವುಳ್ಳ ಯಾವುದೇ ಗಣಕಯಂತ್ರದಲ್ಲಿ ಇವುಗಳನ್ನು ಉಚಿತವಾಗಿ ಬಳಸಬಹುದು.

ಎರಡು ಬಗೆ

ಈ ಪ್ರಯೋಗಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಉಪಕರಣದ ವರ್ತನೆಯನ್ನು ಗಣಿತ ಸೂತ್ರಗಳ ಆಧಾರದಿಂದ ಪರದೆಯ ಮೇಲೆ ಮೂಡಿಸಲಾಗುತ್ತದೆ. ಎರಡನೆಯದರಲ್ಲಿ ದೂರದ ಪ್ರಯೋಗಾಲಯದಲ್ಲಿರುವ ನಿಜವಾದ ಉಪಕರಣವನ್ನೇ ವಿದ್ಯಾರ್ಥಿಯು ಅಂತರ್ಜಾಲದ ಮೂಲಕ ಚಾಲನೆಗೊಳಿಸಿ ಫಲಿತಾಂಶ ಪಡೆಯುತ್ತಾನೆ. ಉದ್ದೇಶ, ಸಿದ್ಧಾಂತ, ವಿಧಾನ ಹಾಗೂ ಕಲಿಕೆಯನ್ನು ಅಳೆಯುವ ಪ್ರಶ್ನೆಗಳನ್ನೂ ಪ್ರಯೋಗದೊಂದಿಗೆ ಒದಗಿಸಲಾಗಿದೆ.

ಇದಕ್ಕಿಂತ ಮುಂದಿನ ಹಂತವೆಂದರೆ, ತಲೆಗೆ ಧರಿಸುವ ಸಾಧನದ ಮೂಲಕ ವಿದ್ಯಾರ್ಥಿಯು ಪ್ರಯೋಗಾಲಯದ ಒಳಗೇ ನಿಂತಂತೆ ಭಾಸವಾಗುವ ಕಲ್ಪಿತ ಜಗತ್ತು. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುತ್ತದೆ. ಆದರೆ ಕಣ್ಣಿಗೆ ಕಾಣುವ ಚಲನೆ ಒಳಕಿವಿಗೆ ಅರಿವಾಗದಿದ್ದಾಗ ಕೆಲವರಿಗೆ ತಲೆಸುತ್ತು, ವಾಕರಿಕೆ ಉಂಟಾಗುತ್ತವೆ. ಪ್ರತಿಯೊಬ್ಬರಿಗೂ ಸಾಧನ ಒದಗಿಸುವ ವೆಚ್ಚವೂ ಅಧಿಕ. ಆದ್ದರಿಂದ ಸಾಧಾರಣ ಪರದೆಯ ಪ್ರಯೋಗಗಳೇ ಹೆಚ್ಚು ಜನರಿಗೆ ಎಟುಕುತ್ತವೆ.

ಉಪಯೋಗ ಮತ್ತು ಮಿತಿ

ಪರದೆಯ ಪ್ರಯೋಗದಲ್ಲಿ ತಪ್ಪಾದರೆ ಗಾಜು ಒಡೆಯುವುದಿಲ್ಲ, ಆಮ್ಲ ಚೆಲ್ಲುವುದಿಲ್ಲ. ಎಷ್ಟು ಬಾರಿಯಾದರೂ ಮತ್ತೆ ಮಾಡಬಹುದು. ಆದರೂ ಇದು ಕೈಕೆಲಸಕ್ಕೆ ಪರ್ಯಾಯವಲ್ಲ. ಆಮ್ಲ ಮತ್ತು ಪ್ರತ್ಯಾಮ್ಲದ ಪ್ರಯೋಗದಲ್ಲಿ ಬಣ್ಣ ಬದಲಾಗುವ ಘಟ್ಟವನ್ನು ಪರದೆ ತೋರಿಸಬಲ್ಲದು. ಬ್ಯೂರೆಟ್ಟಿನಿಂದ ಒಂದೊಂದೇ ಹನಿ ಬೀಳುವಂತೆ ತಿರುಪನ್ನು ಹಿಡಿತದಲ್ಲಿಡುವುದು, ದ್ರವದ ಮಟ್ಟಕ್ಕೆ ಕಣ್ಣನ್ನು ಸರಿಯಾಗಿ ಹಿಡಿದು ಅಳತೆ ಓದುವುದು ಕೈಯಾರೆ ಮಾಡಿದಾಗಲೇ ಸಿದ್ಧಿಸುತ್ತವೆ.

ಎಲ್ಲ ವಿದ್ಯಾರ್ಥಿಗಳಿಗೂ ಪ್ರಾಯೋಗಿಕ ಕಲಿಕೆಯ ಸಮಾನ ಅವಕಾಶ ದೊರೆಯಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇಂಥ ಪ್ರಯೋಗಾಲಯಗಳನ್ನು ಪ್ರಸ್ತಾಪಿಸಿದೆ. ಈ ಸಮಾನತೆ ಸಾಧಿತವಾಗಬೇಕಾದರೆ ಸಂಪರ್ಕ ಮತ್ತು ಭಾಷೆಯ ತೊಡಕುಗಳು ನಿವಾರಣೆಯಾಗಬೇಕು. ಬಹುಪಾಲು ವಿವರಣೆಗಳು ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ಅಧ್ಯಾಪಕರ ನೆರವು ಅತ್ಯಗತ್ಯ. ಮೊದಲು ಪರದೆಯ ಮೇಲೆ ಅಭ್ಯಾಸ, ಅನಂತರ ಪ್ರಯೋಗಾಲಯದಲ್ಲಿ ಕೆಲಸ, ಕೊನೆಗೆ ಎರಡೂ ಫಲಿತಾಂಶಗಳ ಹೋಲಿಕೆ ಎಂಬ ಕ್ರಮವನ್ನು ಅನುಸರಿಸಿದರೆ, ಇರುವ ಕೆಲವೇ ಉಪಕರಣಗಳಿಂದಲೂ ಹೆಚ್ಚು ವಿದ್ಯಾರ್ಥಿಗಳು ಪ್ರಯೋಜನ ಪಡೆಯಬಹುದು.