ಮಂಜಿನ ನಾಡಿಗೆ ಹೊರಟ ಹಿರಿಯರಿಗೆ

ನಮ್ಮ ಕಾಸರಗೋಡಿನಲ್ಲಿ ಧನು ತಿಂಗಳ ಬೆಳಗ್ಗೆ ಉಷ್ಣತೆ 20 ಡಿಗ್ರಿಗೆ ಇಳಿದರೆ ಸಾಕು, ನಾವು ಕಂಬಳಿ ಹುಡುಕುತ್ತೇವೆ. ಮಗಳ ಬಾಣಂತನಕ್ಕೆಂದು ಅಮೆರಿಕದ ಮಿಡ್‌ವೆಸ್ಟ್ ಪ್ರದೇಶಕ್ಕೆ ಹೊರಡುವ ಹಿರಿಯರು ಅಲ್ಲಿಯ ಚಳಿಯ ಸ್ವಭಾವವನ್ನು ಮೊದಲೇ ಅರಿತಿರುವುದು ಲೇಸು. 2019ರ ಜನವರಿ 30ರಂದು ಶಿಕಾಗೋದಲ್ಲಿ ಉಷ್ಣತೆ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿದಿತ್ತು.

ಕಾರಣ ಭೂಪಟದಲ್ಲೇ ಇದೆ. ಉತ್ತರದ ಶೀತಗಾಳಿಯನ್ನು ತಡೆಯಲು ನಮಗೆ ಹಿಮಾಲಯವಿದೆ, ಪಕ್ಕದಲ್ಲೇ ಕಡಲಿದೆ. ಅಲ್ಲಿ ಅಡ್ಡ ಬೆಟ್ಟವಿಲ್ಲ. ಧ್ರುವದ ಗಾಳಿ ಬಯಲಿನ ಮೇಲೆ ನೇರವಾಗಿ ನುಗ್ಗಿ ಬರುತ್ತದೆ.

ಅಂತಹ ಗಾಳಿಗೆ ತೆರೆದಿಟ್ಟ ಕಿವಿ, ಮೂಗು, ಬೆರಳುಗಳು ಅರ್ಧ ಗಂಟೆಯೊಳಗೆ ಮರಗಟ್ಟಬಹುದು. ಒಂದೇ ದಪ್ಪ ಕೋಟಿಗಿಂತ ಮೂರು ಪದರ ಬಟ್ಟೆ ಮೇಲು. ಪದರಗಳ ನಡುವಿನ ಗಾಳಿಯೇ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಬೆವರು ಹೀರಿದ ಹತ್ತಿಬಟ್ಟೆ ಮೈಯನ್ನು ತಣ್ಣಗಾಗಿಸುತ್ತದೆ. ಒಳಗೆ ಉಣ್ಣೆಯೇ ಒಳ್ಳೆಯದು.

ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಿರಲೆಂದು ಕಡುಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡುತ್ತಾರೆ. ನೀರು ಪೋಲಾಗುತ್ತದೆಂದು ಅದನ್ನು ಮುಚ್ಚಬಾರದು. ಊರಿನಿಂದ ಒಯ್ದ ತೆಂಗಿನೆಣ್ಣೆ ಗಟ್ಟಿಯಾದರೆ ಕೆಟ್ಟಿತೆಂದು ಚೆಲ್ಲುವುದೂ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದರ ಗುಣವೇ ಹಾಗೆ. ಹೀಟರಿನಿಂದ ಒಡೆದ ಕೈಕಾಲಿಗೆ ಅದೇ ಮದ್ದು.

ಡಿಸೆಂಬರಿನಲ್ಲಿ ಶಿಕಾಗೋದ ಸೂರ್ಯ ಸಂಜೆ ನಾಲ್ಕೂವರೆಗೆ ಮೊದಲೇ ಮುಳುಗುತ್ತಾನೆ. ಆ ದೀರ್ಘ ರಾತ್ರಿಗಳಲ್ಲಿ ಮೊಮ್ಮಕ್ಕಳಿಗೆ ಕನ್ನಡ ಕೇಳಿಸಬೇಕಾದರೆ ಅಜ್ಜ ಅಜ್ಜಿಯರೇ ಬಾಯಿ ತೆರೆಯಬೇಕು. ಹೊರಗೊಂದು ಭಾಷೆ, ಒಳಗೊಂದು ಭಾಷೆಯ ಬಾಳು 1956ರಿಂದ ಕೇರಳದಲ್ಲಿರುವ ನಮಗೆ ಹೊಸತೇನಲ್ಲ. ಬಟ್ಟೆಬರೆಯ ಜೊತೆಗೆ ನಾಲ್ಕು ಕತೆಗಳನ್ನೂ ಕಟ್ಟಿಕೊಂಡು ಹೋಗೋಣ.