ಮನೆಯಂಗಳದಲ್ಲಿ ಇಂಗ್ಲೀಷು ಎಣಿಕೆ

ಹಡಗಲಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಬಹುಕಾಲದ ಬಳಕೆಯ ಮನೆಯೊಂದುಂಟು. ಆ ಮನೆಯ ಯಜಮಾನನು ವರ್ಷದಲ್ಲಿ ಕೆಲವು ತಿಂಗಳು ಮಲೆನಾಡಿನ ಕಾಫಿತೋಟಗಳಿಗೆ ಕೂಲಿಗೆ ಹೋಗತಕ್ಕವನು. ಒಂದು ಸಲ ಅವನ ಮೊಬೈಲು ಕಳೆದುಹೋಗಲು, ದಾರಿಯ ಅಂಗಡಿಯೊಂದರ ಫೋನಿನಿಂದ ಮನೆಯವರೊಡನೆ ಮಾತನಾಡಿ ತನ್ನ ಹೊಸ ನಂಬರನ್ನು ಹೇಳಿದನು. ಬರೆದುಕೊಂಡವನು ಎರಡನೆಯ ತರಗತಿಯಲ್ಲಿ ಓದುವ ಮಗ. ತಂದೆಯು ಎಲ್ಲರ ರೂಢಿಯಂತೆ ನಡುವೆ ‘ಡಬಲ್ ಫೈವ್’ ಎಂದನು. ಮಗುವು ಐದೆರಡಲಿ ಹತ್ತು ಎಂದು ಮನಸ್ಸಿನಲ್ಲಿಯೇ ಲೆಕ್ಕಹಾಕಿ, 55 ಇರಬೇಕಾದೆಡೆಯಲ್ಲಿ 10 ಎಂದು ಬರೆಯಿತು. ಒಟ್ಟು ಅಂಕಿಗಳು ಹತ್ತೇ ಆದುದರಿಂದ ಯಾರಿಗೂ ಸಂಶಯ ಹುಟ್ಟಲಿಲ್ಲ. ಆ ರಾತ್ರಿ ಅಜ್ಜಿಗೆ ಜ್ವರ ಏರಿತು. ಮಗನಿಗೆ ತಿಳಿಸಲೆಂದು ಎಷ್ಟು ಸಲ ಕರೆದರೂ ಅತ್ತಲಿಂದ ಯಾರೋ ಅಪರಿಚಿತರ ದನಿಯೇ ಬರುತ್ತಿತ್ತು. ನಾಲ್ಕನೆಯ ದಿನ ತಂದೆಯೇ ಕರೆದಾಗ ವಿಷಯ ಬಯಲಾಯಿತು. ಅಷ್ಟರಲ್ಲಿ ಅಜ್ಜಿ ಚೇತರಿಸಿಕೊಂಡಿದ್ದಳು. ಆದರೆ ಮಗುವು ಮಾತ್ರ ಬಹಳ ದಿನ ಫೋನನ್ನು ಮುಟ್ಟಲೊಲ್ಲದೆ ಹೋಯಿತು.

ಮಗುವಿನ ಗಣಿತದಲ್ಲಿ ತಪ್ಪಿರಲಿಲ್ಲ. ಇಂಗ್ಲೀಷಿನವರು ಅಂಕಿಗಳನ್ನು ಹೇಳುವ ಬಗೆಯನ್ನು ಅದಕ್ಕೆ ಯಾರೂ ತಿಳಿಸಿರಲಿಲ್ಲ, ಅಷ್ಟೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಮಳೆಯನ್ನು ನಂಬಿ ಬದುಕುವ ಮನೆಗಳು ಬಹಳ. ಕೆಲಸವನ್ನರಸಿ ಊರು ಬಿಡುವವರೂ ಉಂಟು. ಇಂತಹ ಮನೆಗಳಿಗೆ ಇಂಗ್ಲೀಷು ಮೊದಲು ಬರುವುದು ಕಥೆ ಪದ್ಯಗಳ ರೂಪದಲ್ಲಲ್ಲ, ಅಂಕಿಗಳ ರೂಪದಲ್ಲಿ. ಫೋನಿನ ನಂಬರು, ಬ್ಯಾಂಕಿನ ಲೆಕ್ಕ, ಆಧಾರಿನ ಹನ್ನೆರಡು ಅಂಕಿಗಳು, ಔಷಧದ ಅಂಗಡಿಯವರು ಹೇಳುವ ಬೆಲೆ ಎಲ್ಲವೂ ಆ ಭಾಷೆಯಲ್ಲಿಯೇ ಕಿವಿಗೆ ಬೀಳುತ್ತವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲೀಷನ್ನು ಒಂದು ವಿಷಯವಾಗಿ ಕಲಿಸುತ್ತಿರುವುದು ನಿಜ. ಆದರೆ ಶಾಲೆಯಲ್ಲಿ ಕೇಳಿದುದು ನಾಲಗೆಯ ಮೇಲೆ ನಿಲ್ಲಬೇಕಾದರೆ ಮನೆಯಂಗಳದ ಆಟವೂ ಬೇಕು. ಇಂಗ್ಲೀಷು ಬಾರದ ತಾಯಂದಿರೂ ಮಕ್ಕಳೊಡನೆ ಕೂಡಿ ಕಲಿಯಬಹುದಾದ ಕೆಲವು ಬಗೆಗಳನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಮೊದಲಾಗಿ ಒಂದು ಭಯವನ್ನು ಕಳೆಯಬೇಕು. ನಾವು ‘ಇಂಗ್ಲೀಷು ಅಂಕಿ’ ಎಂದು ಕರೆಯುವ 1, 2, 3 ಇಂಗ್ಲೀಷರವಲ್ಲ. ಅವು ಭಾರತದಲ್ಲಿ ಹುಟ್ಟಿ, ಅರಬರ ಮೂಲಕ ಯೂರೋಪಿಗೆ ಹೋದವು. ಪೀಸಾ ನಗರದ ಲಿಯೋನಾರ್ಡೊ ಎಂಬವನು 1202ರಲ್ಲಿ ಬರೆದ ಗಣಿತ ಗ್ರಂಥದಿಂದ ಅಲ್ಲಿ ಅವುಗಳಿಗೆ ವಿಶೇಷ ಪ್ರಚಾರ ದೊರೆಯಿತು. ನಮ್ಮ ಸಂವಿಧಾನದ 343ನೆಯ ವಿಧಿಯೂ ಇವನ್ನು ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದೇ ಕರೆದಿದೆ. ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು, 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ರಚಿಸಿದನು. ಇಂತಹ ನಾಡಿನ ಮಗುವು ಅಂಕಿಗೆ ಅಂಜಬೇಕಾದುದೇನೂ ಇಲ್ಲ. ಪರಕೀಯವಾದುದು ಹೆಸರುಗಳು ಮಾತ್ರ. ಅವನ್ನು ಗೆಲ್ಲುವುದು ಕಷ್ಟವಲ್ಲ.

ಆದರೂ ತೊಡಕು ಎಲ್ಲಿದೆಯೆಂಬುದನ್ನು ಹಿರಿಯರು ತಿಳಿದಿರಬೇಕು. ಒಂದರಿಂದ ಹತ್ತರವರೆಗಿನ ಹೆಸರುಗಳನ್ನು ಮಗುವು ಬಾಯಿಪಾಠದಿಂದಲೇ ಹಿಡಿದೀತು. ಮುಂದೆ ಬರುವ ಇಲೆವೆನ್, ಟ್ವೆಲ್ವ್ ಎಂಬವು ಯಾವ ಕಟ್ಟಿಗೂ ಸೇರವು. ಹತ್ತನ್ನು ಎಣಿಸಿದ ಮೇಲೆ ‘ಒಂದು ಉಳಿದಿದೆ’, ‘ಎರಡು ಉಳಿದಿವೆ’ ಎಂಬುದೇ ಅವುಗಳ ಹಳೆಯ ಅರ್ಥ. ನಮ್ಮ ‘ಒಂಬತ್ತು’ ಎಂಬುದಕ್ಕೂ ‘ಹತ್ತಕ್ಕೆ ಒಂದು ಕಡಮೆ’ ಎಂಬ ವಿವರಣೆಯನ್ನು ಪಂಡಿತರು ಕೊಡುವರು. ಎರಡೂ ಭಾಷೆಗಳ ಹಿರಿಯರು ಬೆರಳು ಮಡಿಸಿ ಎಣಿಸಿದವರೇ ಎಂದು ಹೇಳಿದರೆ ಮಕ್ಕಳಿಗೆ ಅದೊಂದು ಕಥೆಯಾಗುತ್ತದೆ.

ದೊಡ್ಡ ತೊಡಕು ಹದಿಮೂರರಿಂದ ಹತ್ತೊಂಬತ್ತರವರೆಗೆ. ಕನ್ನಡದಲ್ಲಿ ‘ಹದಿನಾಲ್ಕು’ ಎನ್ನುವಾಗ ಹತ್ತು ಮೊದಲು, ನಾಲ್ಕು ಆಮೇಲೆ. ಬರೆಯುವ ಕ್ರಮವೂ ಹಾಗೆಯೇ. ಇಂಗ್ಲೀಷಿನ ‘ಫೋರ್ಟೀನ್’ನಲ್ಲಿ ನಾಲ್ಕೇ ಮೊದಲು ಕೇಳುತ್ತದೆ. ಆದುದರಿಂದ ಮಗುವು 14ರ ಬದಲು 41 ಎಂದು ಬರೆದರೆ ಅದು ದಡ್ಡತನವಲ್ಲ; ಕಿವಿಗೆ ಕೇಳಿದಂತೆ ಬರೆಯಿತು, ಅಷ್ಟೆ. ಇಪ್ಪತ್ತನ್ನು ದಾಟಿದೊಡನೆ ಎಲ್ಲವೂ ಸರಾಗ. ‘ಇಪ್ಪತ್ತೊಂದು’ ಎಂಬುದೂ ‘ಟ್ವೆಂಟಿ ವನ್’ ಎಂಬುದೂ ಒಂದೇ ಅಚ್ಚಿನವು. ಇದರಿಂದ ನಮಗೆ ತೋರುವುದೇನೆಂದರೆ, ಹತ್ತರವರೆಗೆ ಕಲಿಸಿದ ಮೇಲೆ ಹನ್ನೊಂದಕ್ಕೆ ಅವಸರಪಡದೆ, ಟ್ವೆಂಟಿ, ಥರ್ಟಿ ಮೊದಲಾದ ಹತ್ತರ ಕಟ್ಟುಗಳನ್ನೂ ಇಪ್ಪತ್ತೊಂದು ಮೊದಲಾದವನ್ನೂ ಕಲಿಸಿ, ಹದಿಹತ್ತುಗಳನ್ನು ಕಡೆಗೆ ಇಟ್ಟುಕೊಳ್ಳುವುದು ಲೇಸು. ಸುಲಭವಾದುದರಲ್ಲಿ ಗೆದ್ದ ಮಗುವು ಕಠಿನವಾದುದಕ್ಕೆ ಧೈರ್ಯದಿಂದ ಕೈಹಾಕುತ್ತದೆ.

ಇನ್ನು ಆಟಗಳು. ಆಟದಿಂದ ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊದಲಾದ ‘ನಲಿ-ಕಲಿ’ಯ ತತ್ವವೂ ಇದೇ. ಮನೆಯಲ್ಲಿಯೋ, ಅದಕ್ಕೆ ಪೈಸೆಯ ಖರ್ಚೂ ಇಲ್ಲ.

ಅಂಗಳದಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಗೀಚಿ, ಒಂದೊಂದು ಮನೆಗೆ ಕಾಲಿಟ್ಟಂತೆಲ್ಲ ವನ್, ಟೂ, ಥ್ರೀ ಎಂದು ಕೂಗಿಸಬೇಕು. ಹೋಗುವಾಗ ಏರಿಕೆ, ಬರುವಾಗ ಇಳಿಕೆ. ಕಾಲು ತಪ್ಪಿದರೆ ಆಟ ಹೋದಂತೆ ಹೆಸರು ತಪ್ಪಿದರೂ ಆಟ ಹೋಗಬೇಕು. ಇಳಿಕೆಯ ಎಣಿಕೆ ಬಂದಿತೆಂದರೆ ಮಗುವಿಗೆ ಅಂಕಿ ನಿಜವಾಗಿ ಬಂದಿತೆಂದು ತಿಳಿಯಬಹುದು; ಏರಿಕೆಯನ್ನು ಅರ್ಥ ತಿಳಿಯದೆಯೂ ಹಾಡಿನಂತೆ ಒಪ್ಪಿಸಿಬಿಡಬಹುದು.

ಅಟ್ಟದ ಮೇಲಿರುವ ಅಳಗುಳಿಮಣೆಯನ್ನು ಕೆಳಗಿಳಿಸಿರಿ. ಸಾಲಿಗೆ ಏಳರಂತೆ ಅದರಲ್ಲಿ 14 ಗುಳಿಗಳು. ಗುಳಿಗೆ ಐದೈದು ಹುಣಸೆಬೀಜ ಹಾಕಿದರೆ ಒಟ್ಟು 70. ಸೆವೆನ್, ಫೋರ್ಟೀನ್, ಸೆವೆಂಟಿ ಎಂಬ ಮೂರು ಹೆಸರುಗಳೂ ಒಂದೇ ಮಣೆಯ ಮೇಲೆ ಸಿಕ್ಕಿದುವು. ಬೀಜ ಹಂಚುವಾಗ ಒಂದೊಂದನ್ನೂ ಇಂಗ್ಲೀಷಿನಲ್ಲಿ ಎಣಿಸುತ್ತ ಹೋಗುವುದು, ಗೆದ್ದ ಬೀಜಗಳನ್ನು ಕಡೆಯಲ್ಲಿ ಹತ್ತು ಹತ್ತರ ಗುಂಪು ಮಾಡಿ ಟೆನ್, ಟ್ವೆಂಟಿ ಎಂದು ಲೆಕ್ಕ ಒಪ್ಪಿಸುವುದು. ಚೌಕಾಬಾರದ ಕವಡೆಗಳನ್ನೂ ಹೀಗೆಯೇ ಬಳಸಬಹುದು. ಬಿದ್ದ ಗರವನ್ನು ಇಂಗ್ಲೀಷಿನಲ್ಲಿ ಕೂಗಿದವನಿಗೆ ಮಾತ್ರ ಕಾಯಿ ನಡೆಸುವ ಹಕ್ಕೆಂದು ನೇಮಿಸಿದರೆ, ಅಜ್ಜಿಯರೂ ಎರಡು ದಿನದಲ್ಲಿ ‘ಫೋರ್’, ‘ಏಟ್’ ಎಂದು ಗರ್ಜಿಸುವುದನ್ನು ನಾವೇ ಕಂಡಿದ್ದೇವೆ.

ಥರ್ಟೀನ್ ಮತ್ತು ಥರ್ಟಿ, ಫಿಫ್ಟೀನ್ ಮತ್ತು ಫಿಫ್ಟಿ ಇವು ಕಿವಿಯನ್ನು ಮೋಸಗೊಳಿಸುವ ಜೋಡಿಗಳು. ಹದಿನೈದಕ್ಕೂ ಐವತ್ತಕ್ಕೂ ಇರುವ ಅಂತರ ಬಡವರ ಚೀಲದಲ್ಲಿ ಸಣ್ಣದಲ್ಲ. ಅದೃಷ್ಟವಶಾತ್ ಹ್ರಸ್ವ ದೀರ್ಘಗಳ ಭೇದ ಕನ್ನಡಿಗರ ಕಿವಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ‘ಟೀನ್’ ಎಂದು ಎಳೆದು ಮೂಗಿನಲ್ಲಿ ಮುಗಿಸಿದರೆ ಹದಿಹತ್ತು. ‘ಟಿ’ ಎಂದು ಮೊಟಕಾಗಿ ನಿಲ್ಲಿಸಿದರೆ ಹತ್ತರ ಕಟ್ಟು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ಟೀನ್’ ಕೇಳಿದರೆ ನಿಂತೇ ಇರುವುದು, ‘ಟಿ’ ಕೇಳಿದರೆ ತಟ್ಟನೆ ಕುಳಿತುಕೊಳ್ಳುವುದು ಎಂದು ಆಡಿಸಿರಿ. ತಪ್ಪಿದವನು ಮುಂದಿನ ಸಲ ಹೆಸರು ಕೂಗುವವನಾಗಲಿ. ಶಿಕ್ಷೆಯೂ ಅದೇ, ಅಭ್ಯಾಸವೂ ಅದೇ. ಇಲ್ಲಿ ಮತ್ತೊಂದು ಮಾತು: ನಮ್ಮ ನಾಲಗೆಯು ಪ್ರತಿಯೊಂದು ಪದವನ್ನೂ ಸ್ವರದಿಂದ ಮುಗಿಸಲು ಬಯಸುವುದರಿಂದ ಮಕ್ಕಳು ‘ಟೆನ್ನು’, ‘ಫೈವು’, ‘ಸಿಕ್ಸು’ ಎನ್ನುವರು. ನಗಬೇಡಿರಿ, ಸರಿಯಾದುದನ್ನು ನಾವೇ ಮತ್ತೆ ಮತ್ತೆ ನುಡಿದರೆ ಉಕಾರವು ತಾನಾಗಿಯೇ ಉದುರುತ್ತದೆ.

ಹಡಗಲಿಯ ಮಲ್ಲಿಗೆಯ ಹೆಸರು ಕೇಳದವರಾರು? ಹೂ ಕಟ್ಟುವ ಮನೆಯಲ್ಲಿ ಪಾಠಕ್ಕೆಂದು ಬೇರೆ ಹೊತ್ತನ್ನು ಹುಡುಕಬೇಕಾಗಿಲ್ಲ. ತಾಯಿಯು ಗಂಟು ಹಾಕುವಾಗ ಮಗುವು ಮೊಗ್ಗುಗಳನ್ನು ಜೋಡಿಜೋಡಿಯಾಗಿ ಕೈಗೆ ಕೊಡುತ್ತ ಟೂ, ಫೋರ್, ಸಿಕ್ಸ್ ಎಂದು ಎಣಿಸಲಿ. ಎರಡರ ಮಗ್ಗಿ ಹೂವಿನೊಡನೆಯೇ ಕಟ್ಟಿಕೊಂಡು ಹೋಗುತ್ತದೆ. ಹೊಲವಿದ್ದವರ ಮನೆಯಲ್ಲಿ ಶೇಂಗಾಕಾಯಿಯನ್ನು ಬಿಡಿಸುವಾಗಲೂ ಇದೇ ಉಪಾಯ.

ದಾರಿಯೂ ಒಂದು ಪಾಠಶಾಲೆ. ಕೊಟ್ಟೂರೇಶ್ವರನ ತೇರಿಗೆ ದೂರದ ಊರುಗಳಿಂದ ನಡೆದು ಬರುವವರು ಅಸಂಖ್ಯರು. ಮಕ್ಕಳನ್ನು ಕರೆದುಕೊಂಡು ಹೋಗುವವರು ಕಿಲೋಮೀಟರು ಕಲ್ಲು ಕಂಡಾಗಲೆಲ್ಲ ಅದರ ಅಂಕಿಯನ್ನು ಇಂಗ್ಲೀಷಿನಲ್ಲಿ ಓದಿಸಬಹುದು. ಅಂಕಿ ಇಳಿದಂತೆ ಊರು ಹತ್ತಿರವಾಗುವುದೆಂಬ ಸಂತೋಷವೇ ಕಾಲಿನ ನೋವನ್ನು ಮರೆಸುತ್ತದೆ. ಕೂಡ್ಲಿಗಿಯ ಮಕ್ಕಳಿಗಂತೂ ‘ಫಿಫ್ಟಿ’ ಮರೆಯಲಾಗದು. ಊರ ಬಳಿಯಲ್ಲಿ ಹಾಯುವ ಹೆದ್ದಾರಿಯ ಸಂಖ್ಯೆಯೇ 50. ಬಸ್‌ನಿಲ್ದಾಣದಲ್ಲಿ ಕಾಯುವಾಗ ವಾಹನಗಳ ಫಲಕಗಳನ್ನು ಓದುವುದೂ ಒಳ್ಳೆಯ ಆಟ. ಹೊಸಪೇಟೆಯಲ್ಲಿ ನೋಂದಾಯಿಸಿದ ವಾಹನಗಳ 35 ಎಂಬ ಅಂಕಿಯನ್ನು ಮೊದಲು ಕಂಡು ‘ಥರ್ಟಿ ಫೈವ್’ ಎಂದವನೇ ಗೆದ್ದವನು.

ಅಂಚೆಯ ಪಿನ್ ಸಂಖ್ಯೆಗಳನ್ನು ನೋಡಿರಿ. 1972ರ ಆಗಸ್ಟ್ 15ರಂದು ಬಳಕೆಗೆ ಬಂದ ಈ ಆರಂಕಿಗಳಲ್ಲಿ ನಮ್ಮ ಐದೂ ಊರುಗಳು ಒಂದೇ ಮನೆತನದವು. ಹರಪನಹಳ್ಳಿ 583131, ಕೊಟ್ಟೂರು 583134, ಕೂಡ್ಲಿಗಿ 583135, ಹಗರಿಬೊಮ್ಮನಹಳ್ಳಿ 583212, ಹಡಗಲಿ 583219. ಚೀಟಿಗಳ ಮೇಲೆ ಇವನ್ನು ಬರೆದು ಡಬ್ಬಿಯಲ್ಲಿ ಹಾಕಿ, ಒಬ್ಬನು ಎತ್ತಿ ಒಂದೊಂದಂಕಿಯಾಗಿ ಓದಲಿ. ಉಳಿದವರು ಊರಿನ ಹೆಸರನ್ನು ಹೇಳಲಿ. ‘ಫೈವ್ ಏಟ್ ಥ್ರೀ’ ಎಂಬುದು ಎಲ್ಲಕ್ಕೂ ಸಮಾನವಾದುದರಿಂದ ಕಿವಿಗಳೆಲ್ಲ ಕಡೆಯ ಅಂಕಿಗಳಿಗಾಗಿ ನಿಮಿರಿರುತ್ತವೆ. ‘ವನ್ ತ್ರೀ ಫೋರ್’ ಎಂದೊಡನೆ ‘ಕೊಟ್ಟೂರು!’ ಎಂಬ ಕೂಗು ಏಳಬೇಕು.

ಈ ಆಟದಿಂದಲೇ ಫೋನಿನ ಆಟಕ್ಕೆ ದಾರಿ. ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರು ಕುಳಿತು, ಒಬ್ಬನು ಹತ್ತು ಅಂಕಿಗಳನ್ನು ಹೇಳಲಿ, ಇನ್ನೊಬ್ಬನು ಬರೆದುಕೊಂಡು ತಿರುಗಿ ಓದಿ ಒಪ್ಪಿಸಲಿ. ‘ಡಬಲ್’ ಎಂದರೆ ಆ ಅಂಕಿಯನ್ನು ಎರಡು ಸಲ ಬರೆಯುವುದು, ‘ಟ್ರಿಪಲ್’ ಎಂದರೆ ಮೂರು ಸಲ, ಗುಣಿಸುವುದಲ್ಲ. ಸೊನ್ನೆಯನ್ನು ಕೆಲವರು ‘ಝೀರೋ’ ಎಂದೂ ಕೆಲವರು ‘ಓ’ ಎಂದೂ ಹೇಳುವರು. ಎರಡನ್ನೂ ಪರಿಚಯ ಮಾಡಿಸಬೇಕು. ತಿರುಗಿ ಓದಿ ಒಪ್ಪಿಸುವ ನಿಯಮವನ್ನು ಮಾತ್ರ ಎಂದಿಗೂ ಬಿಡಬಾರದು. ಹಡಗಲಿಯ ಆ ಮನೆಯಲ್ಲಿ ಅಂದು ಈ ಒಂದು ನಿಯಮವಿದ್ದಿದ್ದರೆ ಮೂರು ದಿನಗಳ ಸಂಕಟ ತಪ್ಪುತ್ತಿತ್ತು. ಇದರೊಡನೆ ಮತ್ತೊಂದನ್ನೂ ಕಲಿಸತಕ್ಕುದು: ಫೋನಿಗೆ ಬರುವ ಗುಟ್ಟಿನ ಅಂಕಿಗಳನ್ನು, ಅಂದರೆ ಓಟಿಪಿಯನ್ನು, ಅಪರಿಚಿತರು ಕೇಳಿದರೆ ಓದಿ ಹೇಳಕೂಡದು. ಅಂಕಿ ಓದಬಲ್ಲ ಮಗುವಿಗೆ ಯಾವ ಅಂಕಿಯನ್ನು ಓದಬಾರದೆಂಬ ವಿವೇಕವೂ ಬೇಕು.

ಕಡೆಯದಾಗಿ ಮೂರು ಎಚ್ಚರಿಕೆಗಳು. ದಿನಕ್ಕೆ ಕಾಲುಗಂಟೆ ಸಾಕು. ಮಗುವು ಇನ್ನೂ ಬೇಕೆನ್ನುವಾಗಲೇ ಆಟವನ್ನು ನಿಲ್ಲಿಸಬೇಕು. ತಪ್ಪಿದಾಗ ನೆರೆಮನೆಯ ಕಾನ್ವೆಂಟು ಮಗುವಿನೊಡನೆ ಹೋಲಿಸಕೂಡದು. ನಾಚಿದ ನಾಲಗೆ ಕಲಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದ ಎಣಿಕೆಯನ್ನು ಬಲಿಗೊಟ್ಟು ಇಂಗ್ಲೀಷಿನ ಎಣಿಕೆಯನ್ನು ಕಲಿಸಬಾರದು. ‘ಸೆವೆಂಟಿ ನೈನ್’ ಎಂದರೆ ತಿಳಿದು, ‘ಎಪ್ಪತ್ತೊಂಬತ್ತು’ ಎಂದರೆ ಕಣ್ಣು ಬಿಡುವ ಮಕ್ಕಳು ಈಗ ಹಳ್ಳಿಗಳಲ್ಲಿಯೂ ಕಾಣಸಿಗುತ್ತಾರೆ. ಕಾಲು, ಅರೆ, ಮುಕ್ಕಾಲು ಎಂಬ ಸೊಗಸಾದ ಮಾತುಗಳು ಮರೆತುಹೋದರೆ ನಷ್ಟ ನಮ್ಮದೇ. ಪ್ರತಿಯೊಂದು ಆಟವನ್ನೂ ಒಂದು ಸರದಿ ಕನ್ನಡದಲ್ಲಿ, ಒಂದು ಸರದಿ ಇಂಗ್ಲೀಷಿನಲ್ಲಿ ಆಡಿಸಿದರೆ ಎರಡೂ ಉಳಿಯುವುವು.

ನಮ್ಮ ಹಡಗಲಿಯ ಗೆಳೆಯನ ಮನೆಗೆ ಮೊನ್ನೆ ಹೋಗಿದ್ದೆವು. ಅಜ್ಜಿಯು ಮಲ್ಲಿಗೆಯ ಬುಟ್ಟಿಯ ಮುಂದೆ ಕುಳಿತಿದ್ದಳು; ಮೊಮ್ಮಗನು ಪಕ್ಕದಲ್ಲಿ ಸ್ಲೇಟು ಹಿಡಿದಿದ್ದನು. ‘ಡಬಲ್ ಫೈವ್ ಅಂದ್ರೆ ಏನಪ್ಪಾ?’ ಎಂದು ಆಕೆ ಕೇಳಿದಳು. ‘ಐದರ ಮಗ್ಗಲಾಗ ಇನ್ನೊಂದು ಐದು, ಅಜ್ಜಿ. ಹತ್ತಲ್ಲ!’ ಎಂದು ಹುಡುಗನು ಗಟ್ಟಿಯಾಗಿ ನಕ್ಕನು. ಗೋಡೆಯ ಮೇಲೆ ಇದ್ದಲಿನಿಂದ ಬರೆದ ತಂದೆಯ ನಂಬರು, ದೂರದಿಂದಲೂ ಓದುವಷ್ಟು ದಪ್ಪವಾಗಿ, ಸರಿಯಾಗಿ ಇದ್ದಿತು.