ಮನೆಯಿಲಿ, ಹೆಗ್ಗಣ, ಮೂಗಿಲಿ: ಗುರುತಿಸುವಿಕೆ ಮತ್ತು ನಿಯಂತ್ರಣ

ಜಹೀರಾಬಾದ್, ನಾರಾಯಣಖೇಡ ಹಾಗೂ ತಾಂಡೂರು ಭಾಗದ ನಮ್ಮ ಮಕ್ಕಳು ಮನೆಯಲ್ಲಿ ‘ಹೆಗ್ಗಣ’ ಎಂದು ಕರೆಯುವ ಪ್ರಾಣಿಯನ್ನು ಬೀದಿಯಲ್ಲಿ ‘ಪಂದಿಕೊಕ್ಕು’ ಎನ್ನುತ್ತಾರೆ. ಉರ್ದು ಮನೆಮಾತಿನ ಗೆಳೆಯರ ಬಾಯಲ್ಲಿ ಅದೇ ‘ಘೂಸ್’. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಎಂಬ ಪದವು ಹುಟ್ಟಿದ್ದು ತೆಲುಗಿನ ಪಂದಿಕೊಕ್ಕಿನಿಂದ. ಹಂದಿಯಂಥ ಇಲಿ ಎಂಬುದು ಅದರ ಅರ್ಥ. ಹೆಸರುಗಳಲ್ಲಿ ಇಷ್ಟು ವಿವರವಿದ್ದರೂ, ಹತೋಟಿಯ ಪ್ರಶ್ನೆ ಬಂದಾಗ ಎಲ್ಲವನ್ನೂ ‘ಇಲಿ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿ ಅಂಗಡಿಯಿಂದ ಒಂದೇ ಪಾಷಾಣವನ್ನು ತರುವುದು ನಮ್ಮ ರೂಢಿಯಾಗಿದೆ. ಪ್ರಯತ್ನ ವಿಫಲವಾಗುವುದಕ್ಕೂ, ಕೆಲವೊಮ್ಮೆ ಅನಾಹುತ ಸಂಭವಿಸುವುದಕ್ಕೂ ಇದೇ ಕಾರಣ.

ಮನೆಯಿಲಿಯ ದೇಹ ತೆಳು, ಕಿವಿ ದೊಡ್ಡದು, ಬಾಲವು ದೇಹಕ್ಕಿಂತ ಉದ್ದ. ಅದು ಹತ್ತುವ ಪ್ರಾಣಿ. ಮಣ್ಣಿನ ಮಾಳಿಗೆಯ ಜಂತಿಗಳ ಸಂದು, ಅಟ್ಟ, ಧಾನ್ಯದ ಚೀಲಗಳ ಮೇಲ್ಭಾಗ ಅದರ ವಾಸಸ್ಥಾನ. ಹೆಗ್ಗಣವು ಇದಕ್ಕೆ ವಿರುದ್ಧ. ಮೈ ದಪ್ಪ, ಮೂತಿ ಮೊಂಡು, ಬಾಲವು ದೇಹಕ್ಕಿಂತ ಗಿಡ್ಡ. ಅದು ನೆಲವನ್ನು ತೋಡಿ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆಯನ್ನು ಒಟ್ಟುತ್ತದೆ, ಒಳಗೆ ತೆನೆಗಳನ್ನು ಕೂಡಿಡುತ್ತದೆ. ಜಹೀರಾಬಾದಿನ ಕಬ್ಬಿನ ಹೊಲಗಳು ಅದಕ್ಕೆ ಪ್ರಿಯವಾದ ನೆಲೆ. ಕಬ್ಬು ಕಡಿದ ಮೇಲೆ ಊರ ಅಂಚಿನ ಮನೆಗಳ ಹಿತ್ತಿಲಿಗೆ ನುಗ್ಗುತ್ತದೆ. ಜೀರಿಗೆ, ಅಕ್ಕಿಕಾಳಿನಷ್ಟು ಸಣ್ಣ ಹಿಕ್ಕೆಗಳು ಮಾತ್ರ ಕಂಡುಬಂದರೆ ಅದು ಚಿಟ್ಟಿಲಿ.

ಮೂಗಿಲಿಯ ವಿಷಯ ಬೇರೆ. ಉದ್ದ ಚೂಪು ಮೂತಿಯ, ಕಮಟು ವಾಸನೆಯ, ಗೋಡೆಯಂಚಿನಲ್ಲಿ ಚಿಕ್‌ಚಿಕ್ ಎನ್ನುತ್ತ ಓಡುವ ಈ ಪ್ರಾಣಿ ಇಲಿಯ ಜಾತಿಯೇ ಅಲ್ಲ. ಜಿರಲೆ ಮತ್ತು ಹುಳುಗಳೇ ಅದರ ಮುಖ್ಯ ಆಹಾರ. ಅದನ್ನು ಕೊಲ್ಲುವುದರಿಂದ ನಮಗೆ ನಷ್ಟವೇ ಹೆಚ್ಚು.

ಇಲಿಗಳಿಂದಾಗುವ ಹಾನಿಯೆಂದರೆ ಧಾನ್ಯನಷ್ಟ ಮಾತ್ರವೆಂದು ತಿಳಿಯಬಾರದು. ಅವುಗಳ ಮೂತ್ರ ಬೆರೆತ ನೀರು ಅಥವಾ ಕೆಸರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರಬಹುದು. ಇನ್ನೊಂದು ಅಪಾಯವು ಬೆನ್ನಹಿಂದೆಯೇ ಬರುತ್ತದೆ: ಇಲಿಯನ್ನು ಅರಸಿ ನಾಗರ, ಕೊಳಕುಮಂಡಲಗಳು ಮನೆಗೆ ಬರುತ್ತವೆ. ನೆಲದ ಮೇಲೆ ಮಲಗುವ ಮಕ್ಕಳಿರುವ ಮನೆಗಳಲ್ಲಿ ಇದನ್ನು ಹಗುರವಾಗಿ ಕಾಣಲಾಗದು. ಬಿಲದೊಳಗೆ ಕೈಹಾಕದಂತೆ ಮಕ್ಕಳಿಗೆ ಎಚ್ಚರಿಕೆ ನೀಡತಕ್ಕದ್ದು.

ನಿಯಂತ್ರಣದಲ್ಲಿ ಮೊದಲ ಕೆಲಸ ಆಹಾರ ಸಿಗದಂತೆ, ದಾರಿ ಇಲ್ಲದಂತೆ ಮಾಡುವುದು. ಶಾಲೆಯ ಮಧ್ಯಾಹ್ನದ ಊಟದ ಅಕ್ಕಿ ಚೀಲಗಳನ್ನು ಗೋಡೆಗೆ ಒತ್ತಿ ಇಡದೆ, ನೆಲದಿಂದ ಎತ್ತರದ ಹಲಗೆಯ ಮೇಲೆ, ಸುತ್ತಲೂ ಒಬ್ಬರು ಓಡಾಡುವಷ್ಟು ಅಂತರ ಬಿಟ್ಟು ಇಡಬೇಕು. ಬಾಯಿ ಬಿಚ್ಚಿದ ಚೀಲದ ಅಕ್ಕಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಸುರಿಯಬೇಕು. ಪೆನ್ಸಿಲ್ ತೂರುವ ರಂಧ್ರದಲ್ಲಿ ಚಿಟ್ಟಿಲಿಯೂ ತೂರಬಲ್ಲದು. ತಾಂಡೂರಿನ ಫರಸಿ ಕಲ್ಲು ಹಾಸಿದ ನೆಲವನ್ನು ಇಲಿ ಕೊರೆಯಲಾರದು, ಆದರೆ ಕಲ್ಲುಗಳ ನಡುವಿನ ಸಂದು, ಗೋಡೆ ಸೇರುವ ಮೂಲೆ ಅದಕ್ಕೆ ಸಾಕು. ಅವನ್ನು ಸಿಮೆಂಟಿನಿಂದ ತುಂಬಿ, ಬಾಗಿಲಿನ ಕೆಳಅಂಚಿಗೆ ತಗಡು ಹೊಡೆಸುವುದು ವರ್ಷಗಟ್ಟಲೆ ವಿಷ ಕೊಳ್ಳುವುದಕ್ಕಿಂತ ಅಗ್ಗ.

ಇದಾದ ಮೇಲೆ ಬೋನು. ಮನೆಯಿಲಿಗೆ ಹೊಸ ವಸ್ತುವೆಂದರೆ ಅನುಮಾನ. ಆದುದರಿಂದ ಶೇಂಗಾ ಎಣ್ಣೆ ಸವರಿದ ಜೋಳದ ರೊಟ್ಟಿಯ ತುಣುಕನ್ನಿಟ್ಟು, ಮೂರು ದಿನ ಬೋನಿನ ಬಾಗಿಲನ್ನು ಬೀಳದಂತೆ ಕಟ್ಟಿಡಬೇಕು. ನಾಲ್ಕನೆಯ ರಾತ್ರಿ ಅದನ್ನು ಹೂಡಬೇಕು. ಅವಸರದಿಂದ ಮೊದಲ ರಾತ್ರಿಯೇ ಹೂಡಿ, ‘ನಮ್ಮ ಇಲಿ ಬಲು ಜಾಣ’ ಎಂದು ದೂರುವವರೇ ಹೆಚ್ಚು. ಹೆಗ್ಗಣಕ್ಕಾದರೆ ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ತೆರೆದಿರುವ ಬಿಲಗಳನ್ನು ಗುರುತಿಸಬೇಕು, ವಾಸವಿರುವುದು ಅವುಗಳಲ್ಲಿ. ಹೆಣ್ಣಿಲಿಯ ಗರ್ಭಾವಧಿ ಸುಮಾರು ಮೂರು ವಾರ ಮಾತ್ರ. ಒಂದು ಮನೆ ಖಾಲಿಯಾದರೆ ಪಕ್ಕದ ಮನೆಯ ಇಲಿ ಅಲ್ಲಿ ಬಂದು ಸೇರುವುದರಿಂದ ಇಡೀ ಓಣಿ ಒಟ್ಟಿಗೆ ಕೈಗೊಂಡ ಕ್ರಮವೇ ಫಲಿಸುತ್ತದೆ.

ವಿಷವು ಕೊನೆಯ ಉಪಾಯ. ಬೂದುಗಪ್ಪು ಬಣ್ಣದ ಜಿಂಕ್ ಫಾಸ್ಫೈಡ್ ಪುಡಿಯು ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಅಲ್ಪ ತಿಂದು ಬದುಕುಳಿದ ಇಲಿಯಂತೂ ಮತ್ತೆ ಆ ಆಹಾರವನ್ನು ಮುಟ್ಟದು. ಹಳದಿ ರಂಜಕದ ಪೇಸ್ಟ್ ಯಕೃತ್ತನ್ನು ಹಾಳುಗೆಡವುತ್ತದೆ. ಅದನ್ನು ನುಂಗಿದ ಮಗು ಮೊದಲ ಒಂದೆರಡು ದಿನ ಚೇತರಿಸಿಕೊಂಡಂತೆಯೇ ಕಂಡು, ಅನಂತರ ಕಾಮಾಲೆಗೆ ಒಳಗಾಗಬಹುದು. ಈ ಮಾತನ್ನು ಶಿಕ್ಷಕರು ಪಾಲಕರ ಸಭೆಯಲ್ಲಿ ತಪ್ಪದೆ ತಿಳಿಸಬೇಕು: ಮಗು ಆರಾಮವಾಗಿ ಕಂಡರೂ ಕಾಯಬಾರದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, 108ಕ್ಕೆ ಕರೆಮಾಡಿ, ಪೊಟ್ಟಣದೊಡನೆ ಆಸ್ಪತ್ರೆಗೆ ಒಯ್ಯಬೇಕು. ಬ್ರೊಮಾಡಿಯೊಲೋನ್ ಬಿಲ್ಲೆಯು ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೆಲವು ದಿನಗಳ ತರುವಾಯ ಕೊಲ್ಲುತ್ತದೆ. ಇದಕ್ಕೆ ವಿಟಮಿನ್ ಕೆ ಚಿಕಿತ್ಸೆಯುಂಟು. ಆದರೆ ಸತ್ತ ಇಲಿಯನ್ನು ತಿಂದ ಗೂಬೆ, ಬೆಕ್ಕುಗಳಿಗೂ ಅಪಾಯ ತಪ್ಪಿದ್ದಲ್ಲ. ಶಾಲೆಯ ಆವರಣದಲ್ಲಿ ಯಾವ ವಿಷವನ್ನೂ ಇಡಕೂಡದು.

ಪರಿಸರ ಅಧ್ಯಯನದ ತರಗತಿಗೆ ಒಂದು ಚಟುವಟಿಕೆ. ಸಂಜೆ ಉಗ್ರಾಣದ ಗೋಡೆಯಂಚಿನಲ್ಲಿ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹರಡಿರಿ. ಇಲಿಯ ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು. ಮೂಗಿಲಿಗಾದರೆ ಎರಡರಲ್ಲೂ ಐದು. ಹಿಕ್ಕೆಗಳನ್ನು ಮಕ್ಕಳು ಮುಟ್ಟಕೂಡದು. ಒಣ ಪೊರಕೆಯಿಂದ ಗುಡಿಸದೆ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ನೆನೆಸಿ, ದೊಡ್ಡವರೇ ಅವನ್ನು ತೆಗೆಯಬೇಕು. ಮಕ್ಕಳು ಹೆಜ್ಜೆಗಳ ಚಿತ್ರ ಬಿಡಿಸಿ, ಅದರ ಕೆಳಗೆ ಆ ಪ್ರಾಣಿಯ ಕನ್ನಡ, ತೆಲುಗು, ಉರ್ದು ಹೆಸರುಗಳನ್ನು ಮನೆಯಲ್ಲೂ ಓಣಿಯಲ್ಲೂ ಕೇಳಿ ಬರೆದು ತರಲಿ.